ಯಂತ್ರದ ಪಾತ್ರ ಮಾಡಿದ ಮನುಷ್ಯ

ಅವರ ಕೊರಳಿನ ಬುಡದಲ್ಲಿ, ಎರಡು ಎಲುಬುಗಳು ಕೂಡುವ ಕಡೆ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ತೂತಿತ್ತು. ಅವರು ಉಸಿರಾಡುತ್ತಿದ್ದದ್ದು ಅದರಿಂದ. ಕೆಮ್ಮು ಬಂದರೆ ಅವರ ಕೈ ಬಾಯಿಗೆ ಹೋಗುತ್ತಿರಲಿಲ್ಲ, ಕೊರಳಿಗೆ ಹೋಗುತ್ತಿತ್ತು. ತೂತಿನ ಮೇಲೆ ಹೆಂಡತಿ ಕ್ರೋಶಾ ಕಡ್ಡಿಯಲ್ಲಿ ಹೆಣೆದ ಬಿಳಿ ಬಟ್ಟೆಯ ತುಂಡು ಇಳಿಬಿದ್ದಿರುತ್ತಿತ್ತು. ಮದುವೆಗೆ ಹೋಗುವುದಿದ್ದರೆ ಅಂಚಿಗೆ ನೀಲಿ ನೂಲಿನದ್ದು. ಬಲಗೈಯಲ್ಲಿ ಸಣ್ಣ ಟಾರ್ಚಿನಂಥ ಒಂದು ಮೆಷಿನ್. ಅದನ್ನು ದವಡೆಯ ಕೆಳಗೆ ಒತ್ತಿ ಗುಂಡಿ ಅದುಮಿದರೆ ಒಂದೇ ಶ್ರುತಿಯಲ್ಲಿ ಝುಂಯ್ ಎಂಬ ಸದ್ದು. ತುಟಿ ನಾಲಿಗೆ ಆಡಿಸಿ ಆ ಸದ್ದನ್ನೇ ಅವರು ಮಾತು ಮಾಡುತ್ತಿದ್ದರು. ಸಿಟ್ಟು ಬಂದರೂ ಅದೇ ಶ್ರುತಿ, ಪ್ರೀತಿ ಬಂದರೂ ಅದೇ ಶ್ರುತಿ. ಮೊದಲ ಸಲ ಕೇಳಿದವರು ಅವರ ಮುಖ ಬಿಟ್ಟು ಸುತ್ತಮುತ್ತ ನೋಡುತ್ತಿದ್ದರು, ರೇಡಿಯೋ ಎಲ್ಲಿಟ್ಟಿದ್ದಾರೆ ಎಂದು.

ನಾವೆಲ್ಲ ಅವರನ್ನು ಕಂಡಕ್ಟರಣ್ಣ ಎನ್ನುತ್ತಿದ್ದೆವು. ಜೆಪ್ಪುವಿನಿಂದ ಪೇಟೆಗೆ ಹೋಗುವ ಸಿಟಿ ಬಸ್ಸಿನಲ್ಲಿ ಮೂವತ್ತು ವರ್ಷದ ಹತ್ತಿರ ಟಿಕೆಟ್ ಹರಿದವರು. ನಾನು ಐದನೇ ಕ್ಲಾಸಿನಿಂದ ಕಾಲೇಜು ಮುಗಿಯುವ ತನಕ ಅದೇ ಬಸ್ಸಿನಲ್ಲಿ ಹೋದವಳು. ಆಗ ಅವರಿಗೆ ಬೇರೆ ಸ್ವರ ಇತ್ತು. ಅವರು ಪಂಪ್‌ವೆಲ್ಲಿನಲ್ಲಿ ಕೂಗಿದರೆ ಆಚೆಯ ಕಂಕನಾಡಿಯವರು ಬಸ್ಸು ಬಂತೆಂದು ಚಪ್ಪಲಿ ಹಾಕಿಕೊಳ್ಳುತ್ತಾರೆ ಎಂದು ನನ್ನ ಅಪ್ಪ ತಮಾಷೆ ಮಾಡುತ್ತಿದ್ದರು. ಬಾಗಿಲಲ್ಲಿ ಜನ ನೇತಾಡುತ್ತಿದ್ದರೂ "ದುಂಬು ಪೋಲೆ, ಉಲಾಯಿ ಪೋಲೆ, ಜಾಗ ಉಂಟು" ಎಂದು ಮುಂದಕ್ಕೆ, ಒಳಕ್ಕೆ ದಾಟಿಸುತ್ತಿದ್ದರು. ಸೀಟಿಲ್ಲ ಎಂದು ಗೊಣಗಿದವರಿಗೆ ಒಂದೇ ಉತ್ತರ: "ನಿಲ್ಲಲಿಕ್ಕೆ ಜಾಗ ಉಂಟಲ್ಲ, ಮತ್ತೆಂತ ಬೇಕು ನಿಮಗೆ?"

ಆ ಸ್ವರಕ್ಕೆ ಬಸ್ಸು ಸಾಲದೆ ಅವರು ನಾಟಕಕ್ಕೆ ಬಂದರು. ಜೆಪ್ಪುವಿನಲ್ಲಿ ನಮ್ಮದೊಂದು ಹವ್ಯಾಸಿ ನಾಟಕ ಸಂಘ ಇದೆ. ಹಂಚಿನ ಕಾರ್ಖಾನೆಯ ಹಳೆಯ ಗೋದಾಮೊಂದರಲ್ಲಿ ಪ್ರಾಕ್ಟೀಸು. ತುಳುವಿನಲ್ಲಿ ಹೆಚ್ಚು, ಕನ್ನಡದಲ್ಲಿ ಕಮ್ಮಿ. ಅಲ್ಲಿ ಅವರು ಯಾವಾಗಲೂ ವಿಲನ್. ನಮ್ಮ ಸಂಘದ್ದೊಂದು ಪದ್ಧತಿ, ಯಾವ ಹಿರಿಯರು ಶುರು ಮಾಡಿದ್ದೋ ಗೊತ್ತಿಲ್ಲ: ಹ್ಯಾಂಡ್‌ಬಿಲ್ಲಿನಲ್ಲಿ ಎಲ್ಲ ನಟರ ಹೆಸರು ಹಾಕಿದರೂ ವಿಲನ್ನಿನ ಹೆಸರು ಹಾಕುವುದಿಲ್ಲ. ಆ ಜಾಗದಲ್ಲಿ "ರಂಗದಲ್ಲೇ ನೋಡಿ" ಎಂದು ಅಚ್ಚು ಹಾಕಿಸುತ್ತೇವೆ. ನೋಡಲು ಬರುವವರಿಗೆಲ್ಲ ಅದು ಕಂಡಕ್ಟರಣ್ಣ ಎಂದು ಗೊತ್ತೇ ಇರುತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಕೂತು, ಅವರು ಒಳಗಿನಿಂದಲೇ ಒಮ್ಮೆ ಗದರಿದಾಗ ಶಿಳ್ಳೆ ಹಾಕುವುದು ಊರಿನ ಸುಖ.

ಐವತ್ತಾರನೆಯ ವಯಸ್ಸಿನಲ್ಲಿ ಗಂಟಲಲ್ಲಿ ಗೆಡ್ಡೆ ಕಾಣಿಸಿತು. ಬೀಡಿ. ಅವರ ಹೆಂಡತಿ ಮದುವೆಗೆ ಮೊದಲೇ ಬೀಡಿ ಕಟ್ಟುತ್ತಿದ್ದವರು. "ನಾನು ಕಟ್ಟಿದ್ದನ್ನೇ ಎಳೆದದ್ದು ಅವರು. ಬೇರೆ ಯಾರನ್ನು ಬೈಯಲಿ?" ಎಂದು ಆ ಅಕ್ಕ ನನ್ನಲ್ಲಿ ಒಮ್ಮೆ ಹೇಳಿದ್ದರು, ಎಲೆ ಕತ್ತರಿಸುತ್ತ, ತಲೆ ಎತ್ತದೆ. ಸ್ವರಪೆಟ್ಟಿಗೆಯನ್ನು ಪೂರ್ತಿ ತೆಗೆದುಹಾಕಿದರು. ನಾಲ್ಕು ತಿಂಗಳು ಮಾತಿಲ್ಲ. ಮಕ್ಕಳ ಸ್ಲೇಟು ಹಿಡಿದುಕೊಂಡು ಕೂತಿರುತ್ತಿದ್ದರು. ನಾನು ನೋಡಲು ಹೋದ ದಿನ ಸ್ಲೇಟಿನಲ್ಲಿ ಬರೆದು ತೋರಿಸಿದ್ದು ಇಷ್ಟೇ: "ಚಾ ಕುಡಿದು ಹೋಗಿ." ಅದನ್ನು ಒರೆಸಿ ಮತ್ತೆ ಬರೆದರು: "ಊದಿ ಕುಡಿಯಿರಿ. ನನಗಾಗುವುದಿಲ್ಲ." ಬಾಯಿಂದ ಗಾಳಿ ಬಾರದವನಿಗೆ ಬಿಸಿ ಚಾ ಊದಲೂ ಆಗುವುದಿಲ್ಲ ಎಂದು ವಿಜ್ಞಾನದ ಟೀಚರಾದ ನನಗೆ ಹೊಳೆದಿರಲಿಲ್ಲ.

ಮೆಷಿನ್ ಬಂದದ್ದು ಆಮೇಲೆ. ಅಂಗಡಿಯವರು, ಬ್ಯಾಂಕಿನವರು, ಡಾಕ್ಟರರೂ ಕೂಡ ಅವರ ಎದುರೇ ಹೆಂಡತಿಯನ್ನು ಕೇಳುತ್ತಿದ್ದರು, "ಅವರಿಗೆ ಎಂತ ಬೇಕಂತೆ?" ಎಂದು. ಬೀದಿಯ ಮಕ್ಕಳು ರೋಬೋಟ್ ಎಂದರು. ಮಕ್ಕಳ ಮೇಲೆ ಅವರಿಗೆ ಸಿಟ್ಟು ಬರಲಿಲ್ಲ. ಬಸ್ಸಿನ ಕಾಲದ ಹಳೆಯ ಪೀಪಿಯನ್ನು ಹುಡುಕಿ ತಂದು, ಕೊರಳಿನ ತೂತಿಗೆ ಒತ್ತಿ ಹಿಡಿದು, ಸರಿಯಾಗಿ ಎರಡು ಸಲ ಊದಿ ತೋರಿಸಿದರು. ಮಕ್ಕಳು ದಂಗಾಗಿ ನಿಂತರು. "ರೋಬೋಟಿಗೆ ಇದು ಬರ್ತದಾ?" ಎಂದು ಕೇಳಿ ಭುಜ ಕುಣಿಸುತ್ತ ನಕ್ಕರು. ನಗುವಿಗೂ ಸದ್ದಿರಲಿಲ್ಲ, ಭುಜ ಕುಣಿದರೆ ನಗು ಎಂದು ನಾವೇ ತಿಳಿದುಕೊಳ್ಳಬೇಕಿತ್ತು.

ಸಂಘಕ್ಕೆ ಬರುವುದನ್ನು ಮಾತ್ರ ಬಿಡಲಿಲ್ಲ. ಆದರೆ ಪಾತ್ರ ಯಾರು ಕೊಡುತ್ತಾರೆ? ಪರದೆ ಎಳೆಯುವ ಕೆಲಸ ತಾವಾಗಿಯೇ ಹಿಡಿದುಕೊಂಡರು. ಮೂರು ವರ್ಷ ಪರದೆ ಎಳೆದರು. ನಾವು ಎಲ್ಲರೂ ಅವರನ್ನು ಬಹಳ ಹೊಗಳುತ್ತಿದ್ದೆವು. ಎಷ್ಟು ಧೈರ್ಯ, ಎಷ್ಟು ಸಹನೆ, ಯುವಕರಿಗೆ ಮಾದರಿ. ಹೀಗೆ ಹೊಗಳಿ ಹೊಗಳಿಯೇ ನಾವು ಅವರನ್ನು ಪರದೆಯ ಹಗ್ಗಕ್ಕೆ ಕಟ್ಟಿಹಾಕಿದ್ದೆವು ಎಂದು ಈಗ ಅನಿಸುತ್ತದೆ.

ಆ ಸಮಯಕ್ಕೆ ನಾನೊಂದು ನಾಟಕ ಬರೆದೆ. ಅದನ್ನು ಬರೆಸಿದ್ದು ಹೆದರಿಕೆ. ನನ್ನ ಕ್ಲಾಸಿನ ಮಕ್ಕಳು ಪ್ರಬಂಧವನ್ನು ಕಂಪ್ಯೂಟರಿನಿಂದ ಬರೆಸಿ ತರಲು ಶುರು ಮಾಡಿದ್ದರು. ಸ್ಟಾಫ್‌ರೂಮಿನಲ್ಲಿ ದಿನವೂ ಒಂದೇ ಮಾತು: ಇನ್ನು ನಮ್ಮನ್ನು ಮನೆಗೆ ಕಳಿಸುತ್ತಾರೆ, ಯಂತ್ರ ಪಾಠ ಮಾಡುತ್ತದೆ. ನನಗೆ ನಿದ್ದೆ ಸರಿ ಬರುತ್ತಿರಲಿಲ್ಲ. ಆ ಹೆದರಿಕೆಯಲ್ಲಿ ಬರೆದ ಕಥೆ ಹೀಗೆ: ಮುಂದೊಂದು ಕಾಲದಲ್ಲಿ ಈ ನಗರವನ್ನು ಆಳುವುದು ಒಂದು ಮಹಾಯಂತ್ರ. ಅದು ಜನರ ಕೈ, ಕಾಲು, ಕಣ್ಣು, ನೆನಪು ಒಂದೊಂದನ್ನೇ ಬದಲಿಸುತ್ತ ಬರುತ್ತದೆ. ಯಾರು ಮನುಷ್ಯ, ಯಾರು ಅಲ್ಲ ಎಂದು ಗೊತ್ತಾಗದ ಸ್ಥಿತಿ. ಕೊನೆಗೆ ನಾಯಕ ಪಂಪ್‌ವೆಲ್ಲಿನ ಫ್ಲೈಓವರಿನ ಮೇಲೆ ನಿಂತು, "ಲೋಹ ಸೇರಿದವನು ಮನುಷ್ಯನಲ್ಲ" ಎಂದು ಗುಡುಗಿ, ಯಂತ್ರದ ವಯರು ಕಿತ್ತು ಎಸೆಯುತ್ತಾನೆ. ಕತ್ತಲೆ, ಶಂಖ, ಪರದೆ. ಬರೆದು ಮುಗಿಸಿದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಗೋದಾಮಿನಲ್ಲಿ ನಾಟಕ ಓದಿದೆ. ನಮ್ಮ ಕಾರ್ಯದರ್ಶಿ ಪಂಪ್‌ವೆಲ್ಲಿನಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಎಲ್ಲದಕ್ಕೂ ಅವನಲ್ಲಿ ಒಂದು ಆ್ಯಪ್ ಇರುತ್ತದೆ. "ಯಂತ್ರದ ಪಾತ್ರಕ್ಕೆ ಜನ ಬೇಡ ಟೀಚರ್. ಎಐಯಲ್ಲೇ ವಾಯ್ಸ್ ಮಾಡುವ. ಮೊಬೈಲಲ್ಲಿ ಎರಡು ನಿಮಿಷದ ಕೆಲಸ" ಎಂದ. ಒಳ್ಳೆಯದೇ ಆಯಿತು ಎಂದುಕೊಂಡೆ. ಯಂತ್ರಕ್ಕೆ ಹೆದರಿ ನಾಟಕ ಬರೆದವಳಿಗೆ ಆ ನಾಟಕಕ್ಕೆ ಯಂತ್ರವನ್ನೇ ಕರೆಯುವುದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ.

ಹಿಂದಿನ ಬೆಂಚಿನಿಂದ ಝುಂಯ್ ಎಂದು ಕೇಳಿತು.

"ನಾನು ಮಾಡ್ತೇನೆ."

ನನಗೆ ಮುಖ ಬಿಸಿಯಾಯಿತು. ಅವರ ರೋಗವನ್ನು ನಾಟಕದಲ್ಲಿ ಆಡಿಸಿ ಜನರನ್ನು ಹೆದರಿಸುವುದೇ? "ಬೇಡ ಕಂಡಕ್ಟರಣ್ಣ, ಅದು ಸರಿ ಕಾಣುವುದಿಲ್ಲ, ಜನ ಎಂತ ಹೇಳ್ತಾರೆ" ಎಂದೆಲ್ಲ ತಡವರಿಸಿದೆ. ಅವರು ಎದ್ದು ನನ್ನ ಎದುರು ಬಂದು ನಿಂತರು.

"ನಿಮಗೆ ನಾಚಿಕೆ ಆಗುವುದು ನನ್ನ ಸ್ವರಕ್ಕಾ, ನಿಮ್ಮ ನಾಟಕಕ್ಕಾ?"

ಪಾತ್ರ ಅವರದಾಯಿತು.

ಮೊದಲ ದಿನದಿಂದಲೇ ಜಗಳ. ಹಕಾರ ಬರುವ ಶಬ್ದಗಳನ್ನೆಲ್ಲ ತೆಗೆಯಿರಿ ಎಂದರು. "ಹ ಹೇಳಲಿಕ್ಕೆ ಊದಬೇಕಲ್ಲ. ಊದಲಿಕ್ಕೆ ನನ್ನಲ್ಲಿ ಗಾಳಿ ಎಲ್ಲುಂಟು? ಹೃದಯ ಬೇಡ, ಎದೆ ಹಾಕಿ." ಹಾಕಿದೆ. ಅವರ ಹ ನಮಗೆ ಅ ಎಂದೇ ಕೇಳುತ್ತಿತ್ತು, ಇಲ್ಲಿ ನಾನು ತಿದ್ದಿ ಬರೆದಿದ್ದೇನೆ. ಅದು ಸುಲಭದ ಜಗಳ. ನಿಜವಾದದ್ದು ನಾಯಕನ ಕೊನೆಯ ಮಾತಿಗೆ ಬಂತು. ಲೋಹ ಸೇರಿದವನು ಮನುಷ್ಯನಲ್ಲ ಎಂದು ನಾಯಕ ಗುಡುಗಿದ ಕೂಡಲೇ ಅವರು ಮೆಷಿನ್ ಕೆಳಗಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟರು. ಆಮೇಲೆ ಮತ್ತೆ ಅದನ್ನು ಎತ್ತಿಕೊಂಡರು.

"ನಮ್ಮ ಹಿಂದಿನ ಮನೆಯ ಬಾಯಮ್ಮನ ಮೊಣಕಾಲಲ್ಲಿ ಸ್ಟೀಲ್ ಉಂಟು. ಮೊನ್ನೆ ಆ ಕಾಲಲ್ಲೇ ಇಗರ್ಜಿಯ ಮೆಟ್ಟಿಲು ಹತ್ತಿದರು. ನಿಮ್ಮ ಅಪ್ಪನ ಎದೆಯಲ್ಲಿ ಪೇಸ್‌ಮೇಕರ್ ಉಂಟು. ಕಾರ್ಯದರ್ಶಿಯ ಎದುರಿನ ನಾಲ್ಕು ಹಲ್ಲು ಅವನದ್ದಲ್ಲ, ನನಗೆ ಗೊತ್ತುಂಟು. ಇವರೆಲ್ಲ ಎಂತ ಹಾಗಾದರೆ?"

"ಅದು ಹಾಗಲ್ಲ ಕಂಡಕ್ಟರಣ್ಣ. ಅದು ಒಂದು ತತ್ವ."

"ತತ್ವ ಹೇಳುವವರಿಗೆ ಗಂಟಲು ಸರಿ ಉಂಟು."

ಅಪ್ಪನ ಹೆಸರು ಎತ್ತಿದ್ದಕ್ಕೆ ನನಗೆ ಕೋಪ ಬಂತು. ಕೋಪದಲ್ಲಿ ಮನೆಗೆ ಹೋದೆ. ಅಪ್ಪ ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದರು. ಅವರ ಅಂಗಿಯ ಒಳಗೆ, ಎಡಭುಜದ ಕೆಳಗೆ, ಬೆಂಕಿಪೆಟ್ಟಿಗೆಯಷ್ಟು ಉಬ್ಬು. ಆರು ವರ್ಷದಿಂದ ನೋಡುತ್ತಿದ್ದ ಉಬ್ಬು. ಆ ಸಂಜೆ ಕೂತು ನಾಯಕನ ಮಾತನ್ನು ಹೊಡೆದುಹಾಕಿದೆ.

ಅಲ್ಲಿಗೂ ಅವರು ಬಿಡಲಿಲ್ಲ. ಮರುದಿನ ಕೇಳಿದರು, "ನಿಮ್ಮ ಯಂತ್ರಕ್ಕೆ ಎಂತ ಬೇಕು ಟೀಚರೇ?"

"ಲೋಕವನ್ನು ಆಳಬೇಕು."

"ಲೋಕ ತೆಗೆದುಕೊಂಡು ಎಂತ ಮಾಡ್ತದೆ? ಅದಕ್ಕೆ ಊಟ ಇಲ್ಲ, ನಿದ್ದೆ ಇಲ್ಲ, ಮಗಳ ಮದುವೆ ಇಲ್ಲ. ಬೇಕಾದ್ದು ಎಂತ ಅಂತ ಗೊತ್ತಿಲ್ಲದೆ ನಾನು ಹೇಗೆ ನಿಲ್ಲುವುದು ಅಲ್ಲಿ?"

ಎರಡು ದಿನ ಯೋಚಿಸಿ ಉತ್ತರವನ್ನು ಅವರೇ ತಂದರು. ಯಂತ್ರಕ್ಕೆ ಬೇಕಾದ್ದು ಯಾರಾದರೂ ಒಬ್ಬರು ಅದರ ಮುಖ ನೋಡಿ ಮಾತಾಡುವುದು. ಎಲ್ಲರೂ ಅದನ್ನು ಬೈಯುತ್ತಾರೆ, ಅದಕ್ಕೆ ಹೆದರುತ್ತಾರೆ, ಅದರಿಂದ ಕೆಲಸ ಮಾಡಿಸಿಕೊಳ್ಳುತ್ತಾರೆ. ಅದರ ಹತ್ತಿರ ಯಾರೂ ಮಾತಾಡುವುದಿಲ್ಲ. "ಇದು ನಿಮ್ಮ ಯಂತ್ರಕ್ಕೆ ಸರಿಯಾ ಅಂತ ನನಗೆ ಗೊತ್ತಿಲ್ಲ. ನನಗೆ ಸರಿ" ಎಂದರು.

ವಯರು ಕೀಳುವ ಅಂತ್ಯವೂ ಹೋಯಿತು. "ವಯರು ಎಳೆದರೆ ಚಪ್ಪಾಳೆ ಬೀಳ್ತದೆ, ಅದು ನನಗೂ ಗೊತ್ತು. ಆದರೆ ಬಸ್ಸಿನ ಅಡಿಗೆ ಯಾರಾದರೂ ಬಿದ್ದರೆ ಬಸ್ಸಿಗೆ ಕಲ್ಲು ಹೊಡೆದು ಎಂತ ಪ್ರಯೋಜನ? ಡ್ರೈವರ್ ಯಾರು, ಬಸ್ಸಿನ ಯಜಮಾನ ಯಾರು, ಅದನ್ನು ಕೇಳಬೇಕು." ಹಾಗೆ ಕೊನೆಯ ದೃಶ್ಯ ಬದಲಾಯಿತು. ನಾಯಕ ವಯರಿಗೆ ಕೈ ಹಾಕಿದಾಗ ಯಂತ್ರ ಕೇಳುತ್ತದೆ: ನನಗೆ ಆಜ್ಞೆ ಕೊಟ್ಟದ್ದು ಯಾರು ಎಂದು ಕೇಳುವುದಿಲ್ಲವಾ? ಆಮೇಲೆ ಅದು ಒಬ್ಬೊಬ್ಬರ ಹೆಸರು ಓದುತ್ತದೆ. ಎಲ್ಲ ಮನುಷ್ಯರ ಹೆಸರುಗಳು, ಎಲ್ಲ ದೊಡ್ಡ ಕುರ್ಚಿಯವರು. ಓದುತ್ತಿದ್ದ ಹಾಗೆ ಪರದೆ.

ಇದನ್ನು ಬರೆಯುವಾಗ ನನ್ನ ಹೆದರಿಕೆಗೆ ಮೊದಲ ಸಲ ಒಂದು ವಿಳಾಸ ಸಿಕ್ಕಿತು. ನನ್ನನ್ನು ಮನೆಗೆ ಕಳಿಸುವ ಕಾಗದಕ್ಕೆ ಸಹಿ ಹಾಕುವುದು ಯಂತ್ರವಲ್ಲ.

ನಾಟಕವನ್ನು ಒಂದು ಸ್ಪರ್ಧೆಗೆ ಕಳಿಸಿದೆವು. ಯಾವ ಸಂಸ್ಥೆ ಎಂದು ಹೇಳುವುದಿಲ್ಲ, ಅವರು ಕೆಟ್ಟವರಲ್ಲ. ನಿಯಮಗಳ ಪಟ್ಟಿಯಲ್ಲಿ ಆ ವರ್ಷ ಹೊಸದೊಂದು ಸೇರಿತ್ತು: ಧ್ವನಿಮುದ್ರಿತ ಸಂಭಾಷಣೆಯಾಗಲಿ ಕೃತಕ ಧ್ವನಿಯಾಗಲಿ ಬಳಸುವಂತಿಲ್ಲ. ಓದಿ ನನಗೆ ಖುಷಿಯೇ ಆಗಿತ್ತು. ಕಾರ್ಯದರ್ಶಿಯ ಆ್ಯಪಿನಿಂದ ಬಚಾವಾದೆವು ಎಂದುಕೊಂಡಿದ್ದೆ. ನಾಟಕದ ಮೊದಲು ಕಂಡಕ್ಟರಣ್ಣನ ಕಾಯಿಲೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ ಎಂದೆ. ಅವರು ಸುತರಾಂ ಒಪ್ಪಲಿಲ್ಲ.

"ಮೊದಲೇ ಹೇಳಿದರೆ ಜನ ನಾಟಕ ನೋಡುವುದಿಲ್ಲ, ನನ್ನ ಗಂಟಲು ನೋಡ್ತಾರೆ. ಪಾಪ ಅಂತ ಹೇಳ್ತಾರೆ. ನನಗೆ ಪಾಪ ಬೇಡ, ಹೆದರಿಕೆ ಬೇಕು. ಮೂರು ವರ್ಷದಿಂದ ಯಾರೂ ನನಗೆ ಹೆದರಲಿಲ್ಲ."

ಹಾಗಾಗಿ ಏನೂ ಹೇಳಲಿಲ್ಲ. ತೀರ್ಪುಗಾರರಿಗೆ ಕೊಡುವ ಪಾತ್ರಪಟ್ಟಿಯನ್ನು ಕಾರ್ಯದರ್ಶಿ ಸಂಘದ ಪದ್ಧತಿಯಂತೆ ತುಂಬಿದ. ನಾಯಕ ಇಂಥವರು, ನಾಯಕಿ ಇಂಥವರು. ಯಂತ್ರ: ರಂಗದಲ್ಲೇ ನೋಡಿ. ನಾನೂ ನೋಡಿದ್ದೆ, ನನಗೂ ತಪ್ಪು ಕಾಣಲಿಲ್ಲ. ನಲವತ್ತು ವರ್ಷದಿಂದ ಹಾಗೇ ಬರೆದು ರೂಢಿ.

ಭಾನುವಾರ ಮಧ್ಯಾಹ್ನ, ಒಂದು ಕಾಲೇಜಿನ ಸಭಾಂಗಣ. ಅವರು ಬೂದು ಬಣ್ಣದ ನಿಲುವಂಗಿ ತೊಟ್ಟು, ಎತ್ತರದ ಕಾಲರಿನಲ್ಲಿ ಕೊರಳು ಮುಚ್ಚಿ, ಮೆಷಿನ್ ಅಡಗಿಸಿಕೊಂಡ ಕೈಗವಸಿನ ಬಲಗೈಯನ್ನು ದವಡೆಯ ಕೆಳಗಿಟ್ಟು ರಂಗದ ನಡುವೆ ನಿಂತರು. ಮೊದಲ ಝುಂಯ್ ಹೊರಟದ್ದೇ ಸಭೆ ತಣ್ಣಗಾಯಿತು. ಮುಂದಿನ ಸಾಲಿನ ಒಂದು ಮಗು ಅಮ್ಮನ ಮಡಿಲಿಗೆ ಹತ್ತಿತು. ನಾನು ಪಕ್ಕದ ಪರದೆಯ ಹಿಂದೆ ನಿಂತು ನೋಡುತ್ತಿದ್ದೆ. ಅವರ ಕಣ್ಣಿನಲ್ಲಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತ ಕಾಲದ ಹೊಳಪು ಬಂದಿತ್ತು. ಕೊನೆಯಲ್ಲಿ ಹೆಸರುಗಳನ್ನು ಓದುವಾಗ ಸಭೆಯಲ್ಲಿ ಕೆಲವರು ಕೂತಲ್ಲೇ ಮಿಸುಕಾಡಿದರು. ಪರದೆ ಬಿತ್ತು. ಚಪ್ಪಾಳೆ ಕಮ್ಮಿಯೂ ಅಲ್ಲ, ಹೆಚ್ಚೂ ಅಲ್ಲ.

ಸಂಜೆ ಫಲಿತಾಂಶ. ಮುಖ್ಯ ತೀರ್ಪುಗಾರರು ನಿವೃತ್ತ ಪ್ರಾಧ್ಯಾಪಕರು, ದಪ್ಪ ಕನ್ನಡಕದ ಸಜ್ಜನರು. ಬಹುಮಾನಗಳನ್ನು ಓದುವ ಮೊದಲು ಒಂದು ವಿಷಾದದ ಸಂಗತಿ ಎಂದು ಶುರು ಮಾಡಿದರು. ಜೆಪ್ಪುವಿನ ತಂಡ ಯಂತ್ರದ ಪಾತ್ರಕ್ಕೆ ಕೃತಕ ಧ್ವನಿ ಬಳಸಿ, ನಟನೊಬ್ಬನಿಂದ ತುಟಿ ಆಡಿಸಿದೆ. ಪಾತ್ರಪಟ್ಟಿಯಲ್ಲಿ ನಟನ ಹೆಸರನ್ನೂ ಮರೆಮಾಚಿದೆ. ಆದ್ದರಿಂದ ಅವರ ನಾಟಕವನ್ನು ಸ್ಪರ್ಧೆಯಿಂದ ಹೊರಗಿಟ್ಟಿದ್ದೇವೆ. "ಮನುಷ್ಯನ ಕಲೆಯನ್ನು ಯಂತ್ರದ ಕೈಗೆ ಕೊಡಬಾರದು" ಎಂದು ಒಂದು ಮಾತು ಸೇರಿಸಿದರು. ಅದಕ್ಕೆ ಚಪ್ಪಾಳೆ ಬಿತ್ತು. ನಾನೂ ಬೇರೆ ದಿನವಾಗಿದ್ದರೆ ತಟ್ಟುತ್ತಿದ್ದೆ.

ನಾನು ಏಳುವ ಮೊದಲೇ ಕಂಡಕ್ಟರಣ್ಣ ಎದ್ದಿದ್ದರು. ವೇಷ ಕಳಚಿ ಬಿಳಿ ಅಂಗಿ ಪಂಚೆಯಲ್ಲಿದ್ದರು. ನಿಧಾನವಾಗಿ ಮೆಟ್ಟಿಲು ಹತ್ತಿ ತೀರ್ಪುಗಾರರ ಮುಂದೆ ನಿಂತು ಮೆಷಿನ್ನನ್ನು ದವಡೆಗೆ ಒತ್ತಿದರು.

"ಸರ್, ಆ ಯಂತ್ರ ನಾನು."

ಪ್ರಾಧ್ಯಾಪಕರ ಮುಖ ಗಂಟಿಕ್ಕಿತು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿರಬೇಕು. "ದಯವಿಟ್ಟು ಅದನ್ನು ಆಫ್ ಮಾಡಿ ಮಾತಾಡಿ" ಎಂದರು.

ಅವರು ಆಫ್ ಮಾಡಿದರು. ಮೆಷಿನ್ನನ್ನು ಮೇಜಿನ ಮೇಲಿಟ್ಟು, ಕೈ ಕಟ್ಟಿ ನಿಂತು, ಮಾತಾಡತೊಡಗಿದರು. ತುಟಿ ಆಡಿತು, ಹುಬ್ಬು ಏರಿತು, ತಲೆ ಅಲ್ಲಾಡಿತು. ಸದ್ದಿಲ್ಲ. ಒಂದು ಪೂರ್ತಿ ನಿಮಿಷ ಹಾಗೇ ಮಾತಾಡಿದರು. ಇಡೀ ಸಭಾಂಗಣದಲ್ಲಿ ಫ್ಯಾನಿನ ಸದ್ದು ಮಾತ್ರ. ಆಮೇಲೆ ಕೊರಳಿನ ಕ್ರೋಶಾ ಬಟ್ಟೆಯನ್ನು ಎತ್ತಿ ತೋರಿಸಿ, ಇಳಿಬಿಟ್ಟು, ಮೆಷಿನ್ನನ್ನು ಮತ್ತೆ ಎತ್ತಿಕೊಂಡರು.

"ಆಫ್ ಮಾಡಿದರೆ ಇಷ್ಟೇ ಸರ್ ಬರುವುದು."

ಪ್ರಾಧ್ಯಾಪಕರು ತಟಕ್ಕನೆ ಎದ್ದು ನಿಂತರು. ಕೈ ಮುಗಿದರು. ಆದರೆ ಅವರ ಪಕ್ಕದ ತೀರ್ಪುಗಾರರೊಬ್ಬರು ನಿಯಮದ ಹಾಳೆ ಹಿಡಿದುಕೊಂಡು, ಬಹಳ ಸಂಕಟದಿಂದಲೇ ಹೇಳಿದರು, "ನಮಗೆ ಅರ್ಥ ಆಗ್ತದೆ. ಆದರೂ ಕೃತಕ ಧ್ವನಿ ಅಂತ ಬರೆದದ್ದುಂಟಲ್ಲ. ಇದು ಒಂದು ಉಪಕರಣದ ಧ್ವನಿಯೇ ಅಲ್ಲವಾ?"

"ನೀವು ಕನ್ನಡಕ ತೆಗೆದಿಟ್ಟು ನಾಟಕ ನೋಡಿದ್ದಾ ಸರ್?"

ಹಾಳೆ ಹಿಡಿದವರ ಕೈ ತಮ್ಮ ಕನ್ನಡಕಕ್ಕೆ ಹೋಯಿತು.

"ಗ್ಲಾಸು ಅಂಗಡಿಯದ್ದು. ನೋಡಿದ್ದು ನೀವೇ ಅಲ್ಲವಾ? ಈ ಬ್ಯಾಟರಿ ಅಂಗಡಿಯದ್ದು. ಮಾತಾಡಿದ್ದು ನಾನು."

ಸಭೆ ಎದ್ದು ಚಪ್ಪಾಳೆ ತಟ್ಟಿತು. ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಕಥೆ, ನನಗೂ ಗೊತ್ತು. ಆದರೆ ಅವರು ಅಲ್ಲಿಗೆ ನಿಲ್ಲಿಸುವ ಜನವಲ್ಲ. ಸಂಘಟಕರೊಬ್ಬರು ಓಡಿಹೋಗಿ ಅತಿಥಿಗಳಿಗೆಂದು ತಂದಿದ್ದ ಶಾಲು, ಹಣ್ಣಿನ ತಟ್ಟೆ ಹಿಡಿದುಕೊಂಡು ಬಂದರು. ಇಂಥ ಸಾಧಕರನ್ನು ಗೌರವಿಸುವುದು ನಮ್ಮ ಭಾಗ್ಯ ಎಂದು ಮೈಕಿನಲ್ಲಿ ಹೇಳಿದರು. ಇಡೀ ಸಭೆಯ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ. ಕಂಡಕ್ಟರಣ್ಣ ಎರಡು ಹೆಜ್ಜೆ ಹಿಂದೆ ಸರಿದರು.

"ಶಾಲು ಬೇಡ. ಮಾರ್ಕು ಹಾಕಿ."

"ಅದು ಅಂತಲ್ಲ, ಇದು ವಿಶೇಷ ಗೌರವ..."

"ವಿಶೇಷ ಬೇಡ. ಬಾಕಿಯವರಿಗೆ ಹಾಕಿದ ಹಾಗೆ ಹಾಕಿ. ಕೆಟ್ಟದಾಗಿ ಮಾಡಿದ್ದರೆ ಕೆಟ್ಟದು ಅಂತ ಬರೆಯಿರಿ. ನಾನು ನಟನೆ ಮಾಡಲಿಕ್ಕೆ ಬಂದದ್ದು, ಬದುಕಿದ್ದೇನೆ ಅಂತ ತೋರಿಸಲಿಕ್ಕಲ್ಲ."

ಶಾಲು ಹಿಡಿದವರು ಅದನ್ನು ಎಲ್ಲಿಡಬೇಕೆಂದು ಗೊತ್ತಾಗದೆ ತಮ್ಮ ಹೆಗಲಿಗೇ ಹಾಕಿಕೊಂಡರು. ತೀರ್ಪುಗಾರರು ಒಳಗೆ ಹೋದರು. ಇಪ್ಪತ್ತು ನಿಮಿಷ ಕಳೆದು ಬಂದರು. ನಮ್ಮ ನಾಟಕಕ್ಕೆ ಯಾವ ಬಹುಮಾನವೂ ಇರಲಿಲ್ಲ. ನನ್ನ ಎರಡನೆಯ ದೃಶ್ಯ ಬರೀ ಭಾಷಣ ಎಂದು ಬರೆದಿದ್ದರು. ಅದು ನಿಜ. ಕಂಡಕ್ಟರಣ್ಣನ ಹಾಳೆಯನ್ನು ಪ್ರಾಧ್ಯಾಪಕರೇ ಕೆಳಗಿಳಿದು ಬಂದು ಅವರ ಕೈಗೆ ಕೊಟ್ಟರು. ಇಪ್ಪತ್ತಕ್ಕೆ ಹನ್ನೊಂದು. ಕೆಳಗೆ ಎರಡು ಸಾಲು: ಎರಡನೆಯ ಪ್ರವೇಶ ತಡವಾಯಿತು. ಎಡಗೈಯನ್ನು ಇಡೀ ನಾಟಕದಲ್ಲಿ ಬಳಸಲೇ ಇಲ್ಲ, ತೊಲೆಯ ಹಾಗೆ ಮರಗಟ್ಟಿ ನಿಂತಿತ್ತು.

ಅವರು ಅದನ್ನು ಓದಿದರು. ಇನ್ನೊಮ್ಮೆ ಓದಿದರು. ಭುಜ ಕುಣಿಯತೊಡಗಿತು. ಬಸ್ಸಿನಲ್ಲಿ ಜೆಪ್ಪುವಿಗೆ ಬರುವ ತನಕ ಆ ಹಾಳೆಯನ್ನು ನಾಲ್ಕು ಜನಕ್ಕೆ ತೋರಿಸಿದರು. ಹೆಂಡತಿಗೆ ತೋರಿಸಿ, "ನೋಡು ಮಾರಾಯ್ತಿ, ತೊಲೆ ಅಂತೆ" ಎಂದರು. ಮರುದಿನದಿಂದ ಕನ್ನಡಿಯ ಎದುರು ನಿಂತು ಎಡಗೈಗೆ ಅಭ್ಯಾಸ. ಆಮೇಲಿನ ಎರಡು ವರ್ಷಗಳಲ್ಲಿ ನಮ್ಮ ಸಂಘದಲ್ಲಿ ಐದು ಪಾತ್ರ ಮಾಡಿದರು. ಒಂದರಲ್ಲಿ ವಕೀಲ, ಒಂದರಲ್ಲಿ ಅಜ್ಜ, ಒಂದರಲ್ಲಿ ಬಸ್ಸಿನ ಯಜಮಾನ. ಯಂತ್ರದ ಪಾತ್ರ ಮತ್ತೆ ಮಾಡಲಿಲ್ಲ. ಅಜ್ಜನ ಪಾತ್ರದಲ್ಲಿ ಮೆಷಿನ್ ಯಾಕೆ ಎಂದು ಯಾರೋ ಕೇಳಿದಾಗ, "ಅಜ್ಜನಿಗೆ ಕೋಲು ಯಾಕೆ ಅಂತ ಕೇಳ್ತೀರಾ?" ಎಂದಿದ್ದರು.

ಕಳೆದ ವರ್ಷ ಒಂದು ಬೆಳಿಗ್ಗೆ, ಅಂಗಳದಲ್ಲಿ ಹಲ್ಲುಜ್ಜುತ್ತಿದ್ದವರು ಕುಸಿದು ಕೂತರು. ಹೃದಯ. ಆಸ್ಪತ್ರೆ ತಲುಪುವಾಗ ಮುಗಿದಿತ್ತು. ಗಂಟಲಿನ ರೋಗ ಏನೂ ಮಾಡಲಾಗದೆ ಬಿಟ್ಟ ಮನುಷ್ಯನನ್ನು ಅದು ಐದು ನಿಮಿಷದಲ್ಲಿ ಕರೆದುಕೊಂಡು ಹೋಯಿತು. ನಾನು ಆ ದಿನ ಯಾರ ಮೇಲೋ ಗೊತ್ತಿಲ್ಲ, ಬಹಳ ಸಿಟ್ಟಿನಲ್ಲಿದ್ದೆ.

ಹದಿಮೂರನೆಯ ದಿನದ ಕ್ರಿಯೆ ಕಳೆದ ಮೇಲೆ ಗೋದಾಮಿನಲ್ಲಿ ನುಡಿನಮನ ಇಟ್ಟೆವು. ಫೋಟೋ, ಮಾಲೆ, ಪ್ಲಾಸ್ಟಿಕ್ ಕುರ್ಚಿಗಳು. ಕಾರ್ಯದರ್ಶಿ ಒಂದು ವಿಶೇಷ ಇದೆ ಎಂದು ಸ್ಪೀಕರಿಗೆ ಮೊಬೈಲ್ ಜೋಡಿಸಿದ. ಹಳೆಯ ನಾಟಕದ ಕ್ಯಾಸೆಟ್ಟೊಂದು ಅವನಿಗೆ ಸಿಕ್ಕಿತ್ತಂತೆ. ಅದನ್ನು ಎಐಗೆ ಕೊಟ್ಟು, ಆಪರೇಶನ್ನಿನ ಮೊದಲಿನ ಅವರ ಸ್ವರವನ್ನು ತಿರುಗಿ ಮಾಡಿಸಿದ್ದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಒಂದು ವಾರ ನಿದ್ದೆಗೆಟ್ಟಿದ್ದ. ಗುಂಡಿ ಒತ್ತಿದ. "ನನ್ನ ಜೆಪ್ಪುವಿನ ಬಂಧುಗಳೇ" ಎಂದು ಆ ಹಳೆಯ ಗಂಟಲು ಗೋದಾಮಿನ ಹಂಚು ಅದುರುವ ಹಾಗೆ ಮಾತಾಡಿತು. ನಿಮ್ಮ ಪ್ರೀತಿಗೆ ನಾನು ಋಣಿ ಎಂದಿತು. ಅಚ್ಚುಕಟ್ಟಾದ ಸ್ವರ, ಎಲ್ಲೂ ಕೊಂಕಿಲ್ಲ. ಹಕಾರಗಳೂ ಸರಿ ಇದ್ದವು. ಜನ ಮುಖ ಮುಚ್ಚಿಕೊಂಡು ಅತ್ತರು. ನನಗೂ ಮೈ ಜುಮ್ಮೆಂದಿತು. ಬಸ್ಸಿನಲ್ಲಿ ಕೇಳಿದ ಸ್ವರ ಅದೇ.

ಮುಂದಿನ ಸಾಲಿನಿಂದ ಅವರ ಹೆಂಡತಿ ಎದ್ದರು. ಮೈಕಿನ ಹತ್ತಿರ ಎಂದೂ ಹೋದವರಲ್ಲ. ನಿಂತಲ್ಲಿಂದಲೇ ಹೇಳಿದರು.

"ಅದನ್ನು ಬಂದ್ ಮಾಡು ಮಗಾ."

ಕಾರ್ಯದರ್ಶಿ ಬಂದ್ ಮಾಡಿದ. ತಪ್ಪಾಯಿತಾ ಅಕ್ಕ ಎಂದು ಕೇಳಿದ. ಅವನ ಸ್ವರ ಸಣ್ಣಗಾಗಿತ್ತು.

"ತಪ್ಪು ಎಂತದ್ದೂ ಇಲ್ಲ. ನೀನು ಪ್ರೀತಿಯಲ್ಲಿ ಮಾಡಿದ್ದು. ಆದರೆ ಆ ಸ್ವರ ಬಸ್ಸಿನವರದ್ದು, ನಾಟಕ ನೋಡಿದವರದ್ದು. ಬೆಳಿಗ್ಗೆ ಐದಕ್ಕೆ ಹೋದರೆ ರಾತ್ರೆ ಬರುವುದು. ಕೂಗಿ ಕೂಗಿ ಸುಸ್ತಾಗಿ ಬಂದು ನನ್ನತ್ರ ಎರಡು ಮಾತು ಆಡಲಿಕ್ಕೆ ಅವರಿಗೆ ಆಗ್ತಿರಲಿಲ್ಲ. ಅವರು ನನ್ನತ್ರ ಮಾತಾಡಿದ್ದು ಮೆಷಿನ್ ಬಂದ ಮೇಲೆ. ನಾನು ಬೀಡಿ ಕಟ್ಟುವಾಗ ಎದುರು ಕೂತು ಮಾತಾಡ್ತಿದ್ದರು. ನನ್ನ ಗಂಡನ ಸ್ವರ ಅದು. ಇದಲ್ಲ."

ಸಂಘದ ಅಧ್ಯಕ್ಷರು ಪರಿಸ್ಥಿತಿ ಸುಧಾರಿಸಲು ಎದ್ದು, ಹಾಗಾದರೆ ಎಲ್ಲರೂ ಎರಡು ನಿಮಿಷ ಎದ್ದುನಿಂತು ಮೌನ ಆಚರಿಸೋಣ ಎಂದರು. ಕುರ್ಚಿಗಳು ಸರಿದವು. ಅಕ್ಕ ಕೂತಿರಲಿಲ್ಲ, ಹಾಗೇ ನಿಂತಿದ್ದರು.

"ಮೌನ ಬೇಡ" ಎಂದರು. "ನಾಲ್ಕು ತಿಂಗಳು ಮಾತಿಲ್ಲದೆ ಇದ್ದವರು ಅವರು. ಆ ನಾಲ್ಕು ತಿಂಗಳು ನಾನು ನೋಡಿದ್ದೇನೆ. ಅವರ ಹೆಸರಿನಲ್ಲಿ ಯಾರೂ ಸುಮ್ಮನೆ ನಿಲ್ಲುವುದು ಬೇಡ. ಎಂತಾದರೂ ಮಾತಾಡಿ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮಾದರಿ, ಧೈರ್ಯ, ಸಹನೆ ಎಂಬ ಮಾತುಗಳು ಎಲ್ಲರ ಬಾಯಲ್ಲೂ ತಯಾರಾಗಿದ್ದವು, ನನ್ನ ಬಾಯಲ್ಲೂ. ಅವನ್ನೆಲ್ಲ ನುಂಗಿಕೊಂಡೆ. ನಾನು ಎದ್ದು ನಿಂತು ಅವರ ನಟನೆಯ ತಪ್ಪುಗಳಿಂದ ಶುರು ಮಾಡಿದೆ.